ಕಾಯುವ ಕೈಗಳು



ಗೋಡೆಯ ಮೇಲಿನ ಕ್ಯಾಲೆಂಡರಿಗೆ ಹೊಸ ವರ್ಷ ಜನವರಿ 1ರಂದು. ಧರ್ಮಸಭೆಗೆ ಹಾಗಲ್ಲ. ನವೆಂಬರ್ 30ರ ಸಂತ ಅಂದ್ರೆಯರ ಹಬ್ಬಕ್ಕೆ ಅತಿ ಸಮೀಪದ ಭಾನುವಾರ ಯಾವುದೋ, ಅಂದೇ ಅದರ ಹೊಸ ವರ್ಷ. ಅಂದು ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ಧರಿಸಿ ಬಲಿಪೀಠದ ಬಳಿಗೆ ಬರುತ್ತಾರೆ. ಹಸಿರೆಲೆಯ ಮಾಲೆಯಲ್ಲಿ ನಾಲ್ಕು ಮೇಣದ ಬತ್ತಿಗಳಿದ್ದರೂ ಒಂದನ್ನು ಮಾತ್ರ ಹೊತ್ತಿಸಲಾಗುತ್ತದೆ. ಉಳಿದ ಮೂರು ತಮ್ಮ ಸರದಿಗಾಗಿ ಕಾದು ನಿಲ್ಲುತ್ತವೆ. ಲೋಕದ ಹೊಸ ವರ್ಷ ಪಟಾಕಿಯ ಸದ್ದಿನೊಡನೆ ಬಂದರೆ, ಧರ್ಮಸಭೆಯ ಹೊಸ ವರ್ಷ ಹೀಗೆ ಕಾಯುವಿಕೆಯೊಡನೆ ಮೊದಲಾಗುತ್ತದೆ.

ಮೂಡಿಗೆರೆ ಕಡೆಯ ಕಾಫಿ ಸೀಮೆಯಲ್ಲಿ ವಾಸಿಸುವ ನಮಗೆ ಈ ಭಾನುವಾರದ ಸುಳಿವು ಕ್ಯಾಲೆಂಡರಿಗಿಂತ ಮುಂಚೆಯೇ ಸಿಗುತ್ತದೆ. ಹಿಂಗಾರು ಮಳೆಯ ಕೊನೆಯ ಹನಿಗಳು ನಿಂತು ಆಕಾಶ ತಿಳಿಯಾಗುತ್ತದೆ. ಬೆಳಗಿನ ಹೊತ್ತು ಕಣಿವೆಯ ತುಂಬ ಮಂಜು. ಅದರ ಮೇಲೆ ಸಿಲ್ವರ್ ಓಕ್ ಮರಗಳ ತುದಿ ಮಾತ್ರ ಕಾಣುತ್ತದೆ. ರಾತ್ರಿಯ ಉಷ್ಣಾಂಶ 14-15 ಡಿಗ್ರಿಗೆ ಇಳಿಯುತ್ತದೆ. ಹಿಮ ಬೀಳುವ ನಾಡಿನವರಿಗೆ ಇದೊಂದು ಚಳಿಯೇ ಎನಿಸೀತು. ಆದರೆ ಹೆಂಚಿನ ಸಂದಿಯಿಂದ ಗಾಳಿ ನುಗ್ಗುವ ಮನೆಗಳಲ್ಲಿ, ತಗಡು ಹೊದಿಸಿದ ಕೂಲಿ ಲೈನುಗಳಲ್ಲಿ ಅದು ನಿಜವಾದ ಚಳಿಯೇ ಹೌದು. ಅರೇಬಿಕಾ ಗಿಡಗಳಲ್ಲಿ ಹಣ್ಣು ಕೆಂಪೇರಿ ಕೊಯ್ಲು ಶುರುವಾಗುತ್ತದೆ. ರೊಬಸ್ಟಾ ಇನ್ನೂ ಹಸಿರಾಗಿರುತ್ತದೆ. ಗದ್ದೆಯಲ್ಲಿ ಭತ್ತದ ತೆನೆ ಬಾಗಿ ನಿಲ್ಲುತ್ತದೆ. ಹಗಲೆಲ್ಲ ಬಿಡುವಿಲ್ಲದ ದುಡಿಮೆ. ಸಂಜೆ ಆರೂವರೆಗೆ ಕತ್ತಲು ಕವಿದರೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತದೆ. ಹೀಗೆ ಹೊರಗಿನ ಬಾಗಿಲು ಮುಚ್ಚಿಕೊಂಡ ಸಂಜೆಗಳಲ್ಲಿಯೇ ನಮಗೆ ಆಗಮನ ಕಾಲ ಬರುತ್ತದೆ.

ಕನ್ನಡದ 'ಕಾಯು' ಎಂಬ ಪುಟ್ಟ ಕ್ರಿಯಾಪದವನ್ನು ನೀವು ಎಂದಾದರೂ ಗಮನಿಸಿದ್ದೀರಾ? ಬಸ್ಸಿಗಾಗಿ ನಾವು ಕಾಯುತ್ತೇವೆ. ಗದ್ದೆಯ ಮಾಳದಲ್ಲಿ ಕುಳಿತು ಪೈರು ಕಾಯುತ್ತೇವೆ. ಬಚ್ಚಲ ಹಂಡೆಯಲ್ಲಿ ನೀರು ಕಾಯುತ್ತದೆ. ನಿಘಂಟುಕಾರರು ಇವುಗಳಿಗೆ ಬೇರೆ ಬೇರೆ ಬೇರುಗಳನ್ನು ತೋರಿಸಬಹುದು. ಆದರೆ ನಮ್ಮ ಹಳ್ಳಿಯ ಬಾಯಲ್ಲಿ ನಿರೀಕ್ಷಿಸುವುದು, ಕಾಪಾಡುವುದು, ಬಿಸಿಯೇರುವುದು ಎಲ್ಲವೂ ಒಂದೇ ಮಾತಿನಲ್ಲಿ ಅಡಗಿವೆ. ಆಗಮನ ಕಾಲವನ್ನು ನಾವು ಸಾಮಾನ್ಯವಾಗಿ ಮೊದಲನೆಯ ಅರ್ಥದಲ್ಲಿ ಮಾತ್ರ ಆಚರಿಸುತ್ತೇವೆ: ಇನ್ನೆಷ್ಟು ದಿನ ಎಂದು ಎಣಿಸುತ್ತೇವೆ. ಉಳಿದ ಅರ್ಥಗಳನ್ನು ನನಗೆ ಕಲಿಸಿದ್ದು ಒಲೆ, ಹೆಣಿಗೆ ಕಡ್ಡಿ ಮತ್ತು ತೋಟಕ್ಕೆ ಬರುವ ಕಾಡಿನ ಜೀವಿಗಳು. ಅದನ್ನೇ ನಿಮ್ಮೊಡನೆ ಹಂಚಿಕೊಳ್ಳಬೇಕೆಂದು ಈ ಲೇಖನ.

ಮೊದಲು ಒಲೆಯ ಮಾತು. ಕ್ರಿಸ್ಮಸ್ ಕೇಕಿನ ಕೆಲಸ ಕ್ರಿಸ್ಮಸ್ ವಾರದಲ್ಲಿ ಆರಂಭವಾಗುವುದಿಲ್ಲ ಎಂಬುದನ್ನು ನಿಮ್ಮ ಮನೆಯ ಹಿರಿಯರೂ ಬಲ್ಲರು. ಒಣದ್ರಾಕ್ಷಿ, ಖರ್ಜೂರ, ಸಕ್ಕರೆಯಲ್ಲಿ ಬೇಯಿಸಿದ ಕಿತ್ತಳೆ ಸಿಪ್ಪೆ, ಗೋಡಂಬಿ ಇವೆಲ್ಲವನ್ನೂ ಸಣ್ಣಗೆ ಹೆಚ್ಚಿ ನವೆಂಬರಿನಲ್ಲಿಯೇ ಪಿಂಗಾಣಿ ಭರಣಿಯಲ್ಲಿ ನೆನೆಹಾಕುತ್ತೇವೆ. ಕೆಲವರು ರಮ್ ಹಾಕುತ್ತಾರೆ, ಕೆಲವರು ಕಿತ್ತಳೆ ರಸದಲ್ಲಿ ನೆನೆಸಿ ತಂಪಾದ ಕಡೆ ಇಡುತ್ತಾರೆ. ಎರಡು ಮೂರು ದಿನಕ್ಕೊಮ್ಮೆ ಮುಚ್ಚಳ ತೆಗೆದು ಮರದ ಸೌಟಿನಿಂದ ತಿರುವಿ ಹಾಕಬೇಕು. ಅಷ್ಟೇ ಕೆಲಸ. ಉಳಿದದ್ದನ್ನು ದಿನಗಳೇ ಮಾಡುತ್ತವೆ. ಒಣಗಿ ಸುಕ್ಕಾಗಿದ್ದ ದ್ರಾಕ್ಷಿ ನಾಲ್ಕು ವಾರದಲ್ಲಿ ರಸ ಹೀರಿ ದುಂಡಗಾಗುತ್ತದೆ.

ನಮ್ಮ ಅತ್ತೆಯವರ ಕಾಲದಲ್ಲಿ ವಿದ್ಯುತ್ ಒಲೆ ಇರಲಿಲ್ಲ. ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಒಂದು ಪದರ ಮರಳು ಹರಡಿ, ಅದರ ಮೇಲೆ ಕೇಕಿನ ತಟ್ಟೆಯಿಟ್ಟು, ಕೆಳಗೆ ಸೌದೆಯ ಕೆಂಡ, ಮೇಲೆ ತಗಡಿನ ಮುಚ್ಚಳದ ತುಂಬ ಕೆಂಡ ಹಾಕಿ ಬೇಯಿಸುತ್ತಿದ್ದರು. ಮರಳು ನಿಧಾನವಾಗಿ ಕಾಯುತ್ತದೆ, ಕಾದದ್ದನ್ನು ಬೇಗ ಬಿಡುವುದಿಲ್ಲ. ಆದ್ದರಿಂದ ತಳ ಹೊತ್ತದೆ ಶಾಖ ಸಮನಾಗಿ ಹರಡುತ್ತದೆ. ಪಾತ್ರೆ ಕಾದಿದೆಯೇ ಎಂದು ತಿಳಿಯಲು ಅತ್ತೆಯವರು ಒಂದು ಚೂರು ಕಾಗದದ ಮೇಲೆ ಚಿಟಿಕೆ ಮೈದಾ ಉದುರಿಸಿ ಒಳಗಿಡುತ್ತಿದ್ದರು. ಹಿಟ್ಟು ಬೆಳ್ಳಗೇ ಉಳಿದರೆ ಇನ್ನೂ ಕಾಯಬೇಕು. ಕಪ್ಪಾದರೆ ಕೆಂಡ ಎಳೆಯಬೇಕು. ಹೊಂಬಣ್ಣಕ್ಕೆ ತಿರುಗಿದರೆ ಹದ. ಮಕ್ಕಳು ಪಾತ್ರೆಯ ಸುತ್ತ ನೆರೆದು "ಅಜ್ಜಿ, ಒಂದೇ ಒಂದು ಸಲ ತೆಗೆದು ನೋಡೋಣ" ಎಂದು ಪೀಡಿಸುತ್ತಿದ್ದರು. ಅವರು ಒಪ್ಪುತ್ತಿರಲಿಲ್ಲ. ಹಿಟ್ಟಿನೊಳಗಿನ ಗಾಳಿಗುಳ್ಳೆಗಳು ಶಾಖಕ್ಕೆ ಹಿಗ್ಗಿ, ಮೊಟ್ಟೆ ಮತ್ತು ಹಿಟ್ಟು ಅವುಗಳ ಸುತ್ತ ಗಟ್ಟಿಯಾಗುವ ಮುನ್ನ ಮುಚ್ಚಳ ತೆರೆದರೆ ಕೇಕು ನಡುವೆ ಕುಸಿಯುತ್ತದೆ. ವಿಜ್ಞಾನದ ಭಾಷೆ ಅತ್ತೆಯವರಿಗೆ ತಿಳಿದಿರಲಿಲ್ಲ. "ಒಳಗಿನ ಕೆಲಸ ಮುಗಿಯೋವರೆಗೆ ಹೊರಗಿನವರು ಇಣುಕಬಾರದು" ಎನ್ನುತ್ತಿದ್ದರು. ಪ್ರಾರ್ಥಿಸಿ ಮರುದಿನವೇ ಫಲ ಹುಡುಕುವ ನಮ್ಮ ಮನಸ್ಸಿಗೆ ಈ ಮಾತನ್ನು ಆಗಾಗ ಹೇಳಿಕೊಳ್ಳಬೇಕು.

ಯೇಸುಸ್ವಾಮಿಯವರು ದೇವರ ರಾಜ್ಯವನ್ನು ಒಬ್ಬ ಹೆಂಗಸು ಹಿಟ್ಟಿನಲ್ಲಿ ಸೇರಿಸಿಟ್ಟ ಹುಳಿಗೆ ಹೋಲಿಸಿದರೆಂಬುದನ್ನು ನೀವು ಕೇಳಿದ್ದೀರಿ. ಆ ಸಾಮತಿಯ ಮೂರು ಅಳತೆ ಹಿಟ್ಟು ಸಣ್ಣ ಮೊತ್ತವಲ್ಲ. ಸುಮಾರು ನೂರು ಮಂದಿ ಉಣ್ಣುವಷ್ಟು ರೊಟ್ಟಿ ಅದರಿಂದ ಆದೀತೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ತನ್ನ ಮನೆಗಷ್ಟೇ ಎಂದುಕೊಂಡ ಹೆಂಗಸು ಅಷ್ಟು ಹಿಟ್ಟು ನಾದುವುದಿಲ್ಲ. ನಮ್ಮ ಮನೆಗಳಲ್ಲಿಯೂ ಕುಸ್ವಾರ್ ಮಾಡುವಾಗ ಲೆಕ್ಕ ಹೀಗೆಯೇ. ನೆವ್ರಿ, ಕಿಡಿಯೊ, ಗುಲಾಬಿ ಹೂವು, ಚಕ್ಕುಲಿ ಯಾವುದನ್ನೂ ಮನೆಮಂದಿಯ ತಲೆ ಎಣಿಸಿ ಮಾಡುವುದಿಲ್ಲ. ಊರಿನ ಬಾಗಿಲುಗಳನ್ನು ಎಣಿಸಿ ಮಾಡುತ್ತೇವೆ. ಹಬ್ಬದ ಹಿಂದಿನ ರಾತ್ರಿ ಸಣ್ಣದ ಹಿಟ್ಟಿಗೆ ಈಸ್ಟ್ ಬೆರೆಸಿಟ್ಟರೂ ಚಳಿಗೆ ಅದು ಬೇಗ ಉಬ್ಬುವುದಿಲ್ಲ. ಆಗ ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಮಗ್ಗುಲಲ್ಲಿ ಇಡುತ್ತೇವೆ. ಹಿಟ್ಟನ್ನು ಅವಸರಪಡಿಸಲು ಯಾರಿಂದಲೂ ಆಗದು. ಬೆಚ್ಚಗಿಡಲು ಮಾತ್ರ ಆಗುತ್ತದೆ.

ಇನ್ನು ಹೆಣಿಗೆಯ ಮಾತು. ಕಾನ್ವೆಂಟ್ ಶಾಲೆಗಳಲ್ಲಿ ಸಿಸ್ಟರುಗಳಿಂದ ಹೊಲಿಗೆ, ಹೆಣಿಗೆ ಕಲಿತ ತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲಿ ಇಂದಿಗೂ ಇದ್ದಾರೆ. ಪೇಟೆಯಲ್ಲಿ ಅಗ್ಗದ ಸ್ವೆಟರ್ ಸಿಗುವಾಗ ಇಷ್ಟು ಪಾಡೇಕೆ ಎಂದು ಮಕ್ಕಳು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಒಂದು ಹಸುಗೂಸಿನ ಕುಲಾವಿಗೆ ನಾನು 84 ಕುಣಿಕೆಗಳನ್ನು ಏರಿಸುತ್ತೇನೆ. ಮೂರು ಕಡ್ಡಿಗಳಿಗೆ 28ರಂತೆ ಹಂಚಿ, ನಾಲ್ಕನೆಯ ಕಡ್ಡಿಯಿಂದ ಸುತ್ತು ಸುತ್ತಾಗಿ ಹೆಣೆಯುತ್ತ ಹೋಗಬೇಕು. ಅಂಚಿಗೆ ಎರಡು ಸೀದಾ, ಎರಡು ಉಲ್ಟಾ. ಆಮೇಲೆ ಎಲ್ಲವೂ ಸೀದಾ. ಮೇಲೆ ಹೋದಂತೆ ಕುಣಿಕೆಗಳನ್ನು ಕಡಿಮೆ ಮಾಡುತ್ತ ನೆತ್ತಿಯಲ್ಲಿ ದಾರ ಎಳೆದು ಕಟ್ಟಿದರೆ ಮುಗಿಯಿತು. ಕೈಗೆ ರೂಢಿಯಾದ ಮೇಲೆ ಕಣ್ಣಿಗೆ ಕೆಲಸವಿಲ್ಲ. ಜಪಸರದ ಮಣಿ ಸರಿದಂತೆ ಕುಣಿಕೆ ಸರಿಯುತ್ತದೆ. ಸುತ್ತಾಗಿ ಹೆಣೆದದ್ದಕ್ಕೆ ಜೋಡಣೆಯ ಹೊಲಿಗೆ ಇರುವುದಿಲ್ಲ. ಕೂಸಿನ ಎಳೆಯ ಚರ್ಮಕ್ಕೆ ಒತ್ತುವ ಗೆರೆಯೇ ಇಲ್ಲದ ಟೋಪಿ ಅದು.

ಹೊಲಿಗೆಯಿಲ್ಲದ ಉಡುಪು ಎಂದೊಡನೆ ನಿಮಗೆ ಶುಭಸಂದೇಶದ ಒಂದು ಘಟನೆ ನೆನಪಾಗಿರಬಹುದು. ಶಿಲುಬೆಯ ಕೆಳಗೆ ಸೈನಿಕರು ಯೇಸುಸ್ವಾಮಿಯವರ ಬಟ್ಟೆಗಳನ್ನು ಪಾಲು ಮಾಡಿಕೊಂಡರು. ಒಳಂಗಿ ಮಾತ್ರ ಮೇಲಿಂದ ಕೆಳಗಿನವರೆಗೆ ಒಂದೇ ನೇಯ್ಗೆಯದಾಗಿದ್ದುದರಿಂದ ಅದನ್ನು ಹರಿಯದೆ ಚೀಟಿ ಹಾಕಿದರೆಂದು ಸಂತ ಯೊವಾನ್ನರು ಬರೆಯುತ್ತಾರೆ. ಜರ್ಮನಿಯ ಹ್ಯಾಂಬರ್ಗಿನ ಕಲಾ ಸಂಗ್ರಹಾಲಯದಲ್ಲಿ ಮಾಸ್ಟರ್ ಬರ್ಟ್ರಾಮ್ ಎಂಬ ಚಿತ್ರಕಾರನದೊಂದು ಚಿತ್ರವಿದೆ. ಸುಮಾರು 1400ನೆಯ ಇಸವಿಯಲ್ಲಿ ಬುಕ್ಸ್ಟೆಹುಡೆ ಎಂಬ ಊರಿನ ಬಲಿಪೀಠಕ್ಕೆಂದು ರಚಿಸಿದ್ದು. ಅದರಲ್ಲಿ ಮಾತೆ ಮರಿಯಮ್ಮನವರು ಕುಳಿತು, ನಾಲ್ಕು ಕಡ್ಡಿಗಳಿಂದ ಒಂದು ಪುಟ್ಟ ಅಂಗಿಯನ್ನು ಸುತ್ತಾಗಿ ಹೆಣೆಯುತ್ತಿದ್ದಾರೆ. ಕೊರಳಿನ ಭಾಗವಷ್ಟೇ ಬಾಕಿ. ಬಾಲಯೇಸು ನೆಲದ ಮೇಲೆ ಪುಸ್ತಕ ತೆರೆದುಕೊಂಡಿದ್ದಾನೆ. ಅವನ ಹಿಂದೆ ದೇವದೂತರು ಬಂದು ನಿಂತಿದ್ದಾರೆ. ಅವರ ಕೈಯಲ್ಲಿ ಶಿಲುಬೆ ಮೊದಲಾದ ಯಾತನೆಯ ಗುರುತುಗಳಿವೆ. ಯೇಸುವಿನ ಕಾಲದ ಪಲೆಸ್ತೀನಿನಲ್ಲಿ ಕಡ್ಡಿಯ ಹೆಣಿಗೆ ಇರಲಿಲ್ಲ. ಚಿತ್ರಕಾರ ತನ್ನ ಊರಿನ ಹೆಂಗಸರ ಕೆಲಸವನ್ನು ಮರಿಯಮ್ಮನವರ ಕೈಗೆ ಕೊಟ್ಟ, ಅಷ್ಟೇ. ಆದರೆ ಅವನು ಕಂಡ ಸತ್ಯ ದೊಡ್ಡದು. ಮಗುವಿಗೆ ಮುಂದೆ ಏನು ಕಾದಿದೆಯೋ ಅದನ್ನು ತಾಯಿ ತಡೆಯಲಾರಳು. ಆದರೂ ಅಂಗಿಯನ್ನು ಅರ್ಧಕ್ಕೆ ಬಿಡುವುದಿಲ್ಲ.

ಈ ಚಿತ್ರದ ಅರ್ಥ ನನಗೆ ನಿಜವಾಗಿ ತಿಳಿದದ್ದು ನಮ್ಮ ತೋಟದ ಅಂಚಿನ ಕೂಲಿ ಲೈನಿನಲ್ಲಿ. ಅದನ್ನು ಹೇಳುವ ಮುನ್ನ ಕಾಡಿನ ಜೀವಿಗಳ ಬಗ್ಗೆ ಹೇಳಬೇಕು.

ಚಳಿಗಾಲದ ಅತಿಥಿಗಳು ಮೊದಲು ಕಾಣುವುದು ಕಾಫಿ ಒಣಗಿಸುವ ಕಣದಲ್ಲಿ. ಹಿಮಾಲಯದ ತೊರೆಗಳ ಬಳಿ ಗೂಡು ಕಟ್ಟುವ ಬೂದು ಸಿಪಿಲೆ, ಹಳದಿ ಹೊಟ್ಟೆಯ ತೆಳ್ಳನೆಯ ಹಕ್ಕಿ, ಬಾಲ ಕುಣಿಸುತ್ತ ಕಣದ ಅಂಚಿನಲ್ಲಿ ಓಡಾಡುತ್ತದೆ. ನೆರಳು ಮರಗಳ ಎಲೆಗಳ ನಡುವೆ ಹಸಿರು ಛಾಯೆಯ ಉಲಿಯಕ್ಕಿಯೊಂದು ಎಡೆಬಿಡದೆ ಹುಳು ಹೆಕ್ಕುತ್ತದೆ. ಅದರ ತೂಕ ಹತ್ತು ಗ್ರಾಮಿಗೂ ಕಡಿಮೆ. ಅಷ್ಟು ಪುಟ್ಟ ಜೀವ ಹಿಮಾಲಯದಿಂದಲೂ ಅದರಾಚೆಯಿಂದಲೂ ಹಾರಿ ಬಂದು, ಎಲೆ ತಿನ್ನುವ ಹುಳುಗಳಿಂದ ನಮ್ಮ ಮರಗಳನ್ನು ಕಾಯುತ್ತದೆ. ಮುಸ್ಸಂಜೆ ಪೊದೆಯೊಳಗಿಂದ ಎರಡು ಸ್ವರದ ಸಿಳ್ಳು ಕೇಳಿದರೆ ನವರಂಗ ಬಂದಿದೆ ಎಂದರ್ಥ. ಬೆಳಗ್ಗೆ, ಸಂಜೆ ಸುಮಾರು ಆರು ಗಂಟೆಗೆ ಕೂಗುವುದರಿಂದ ತಮಿಳರು ಅದನ್ನು ಆರುಮಣಿ ಕುರುವಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದರ ಕೂಗೇ ಸಂಜೆಯ ಜಪಸರಕ್ಕೆ ಗಂಟೆ. 2007ರಲ್ಲಿ ತೀರಿಕೊಳ್ಳುವವರೆಗೂ ಮೂಡಿಗೆರೆಯಲ್ಲಿಯೇ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿ ಪುಕ್ಕ' ಓದಿ ಇವುಗಳ ಹೆಸರು ಕಲಿತವರು ನಮ್ಮ ಸೀಮೆಯಲ್ಲಿ ಅನೇಕರು. ಗುಬ್ಬಿಯೊಂದು ನೆಲಕ್ಕೆ ಬಿದ್ದರೂ ಪರಮಪಿತರಿಗೆ ತಿಳಿಯುತ್ತದೆಂಬ ಯೇಸುಸ್ವಾಮಿಯವರ ಬೋಧನೆಯನ್ನು ಈ ಹಕ್ಕಿಗಳನ್ನು ನೋಡುವಾಗ ನಂಬುವುದು ಸುಲಭ.

ನಂಬುವುದು ಕಷ್ಟವಾಗುವುದು ಆನೆಯ ಎದುರಿನಲ್ಲಿ. 2023ರ ಗಣತಿಯಲ್ಲಿ ಕರ್ನಾಟಕದ ಕಾಡಾನೆಗಳ ಸಂಖ್ಯೆ 6,395 ಎಂದು ಅಂದಾಜಾಯಿತು. ದೇಶದಲ್ಲಿ ಇದೇ ಅತಿ ಹೆಚ್ಚು. ಕಾಡು ತುಂಡು ತುಂಡಾಗಿದೆ. ತೋಟಗಳಲ್ಲಿ ನೆರಳಿದೆ, ಕೆರೆಯಿದೆ, ಹಲಸು ಬಾಳೆಗಳಿವೆ. ನವೆಂಬರ್, ಡಿಸೆಂಬರಿನಲ್ಲಿ ಗದ್ದೆಯ ಭತ್ತ ಬಲಿತಿರುತ್ತದೆ. ಆನೆಗಳು ಬಾರದೆ ಇರುತ್ತವೆಯೇ? ಆನೆ ಯಾವ ತೋಟದಲ್ಲಿದೆ ಎಂಬ ಅರಣ್ಯ ಇಲಾಖೆಯ ಎಚ್ಚರಿಕೆ ಮೊಬೈಲಿಗೆ ಬಂದರೆ ಅಂದು ಕೊಯ್ಲು ತಡವಾಗಿ ಶುರು; ಮಕ್ಕಳನ್ನು ಬಸ್ ನಿಲ್ದಾಣದವರೆಗೆ ಜೀಪಿನಲ್ಲಿ ಬಿಡಬೇಕು. ಕ್ರಿಸ್ಮಸ್ ರಾತ್ರಿಯ ಬಲಿಪೂಜೆಯನ್ನು ನಮ್ಮ ಧರ್ಮಕೇಂದ್ರದಲ್ಲಿ ಈಗ ಸಂಜೆ ಏಳಕ್ಕೇ ಅರ್ಪಿಸಲಾಗುತ್ತದೆ. ನಡುರಾತ್ರಿಯಲ್ಲಿ ತೋಟದ ದಾರಿಯಲ್ಲಿ ನಡೆದು ಬರುವ ಧೈರ್ಯ ಯಾರಿಗೂ ಉಳಿದಿಲ್ಲ.

2023ರ ಆಗಸ್ಟಿನ ಒಂದು ಬೆಳಿಗ್ಗೆ, ಪಕ್ಕದ ತೋಟಕ್ಕೆ ಕೆಲಸಕ್ಕೆ ಹೊರಟಿದ್ದ ಯುವಕನೊಬ್ಬ ಮಳೆ ಮಂಜಿನಲ್ಲಿ ಒಂಟಿ ಸಲಗಕ್ಕೆ ಎದುರಾಗಿ ಪ್ರಾಣ ಕಳೆದುಕೊಂಡ. ಬಯಲುಸೀಮೆಯಿಂದ ಕೂಲಿಗೆ ಬಂದಿದ್ದವನು. ಅವನ ಹೆಂಡತಿ ಆಗ ನಾಲ್ಕು ತಿಂಗಳ ಬಸುರಿ. ಇಪ್ಪತ್ತೆರಡು ದಾಟದ ಹುಡುಗಿ. ತವರಿನಲ್ಲಿ ಕರೆದುಕೊಳ್ಳುವವರಿರಲಿಲ್ಲ. ಅವಳು ಲೈನಿನಲ್ಲಿಯೇ ಉಳಿದಳು. ನವೆಂಬರ್ ಕೊನೆಯಲ್ಲಿ ಚಳಿ ಇಳಿದಾಗ ನಮ್ಮ ಕೇಂದ್ರದ ನಾಲ್ಕೈದು ಹೆಂಗಸರು ಸೇರಿ, ಹುಟ್ಟಲಿರುವ ಮಗುವಿಗೆಂದು ಉಲ್ಲನ್ ತಂದು ಹಂಚಿಕೊಂಡೆವು. ಒಬ್ಬರಿಗೆ ಸ್ವೆಟರ್, ಒಬ್ಬರಿಗೆ ಕಾಲುಚೀಲ, ನನ್ನ ಪಾಲಿಗೆ ಕುಲಾವಿ. ಮನೆಯಲ್ಲಿ ಕುಳಿತು ಹೆಣೆದು ಕೊಡುವ ಬದಲು, ಭಾನುವಾರ ಮಧ್ಯಾಹ್ನ ಅವಳ ಬಾಗಿಲಲ್ಲಿ ಬಿಸಿಲಿಗೆ ಕುಳಿತೇ ಹೆಣೆಯೋಣವೆಂದು ಗೆಳತಿಯೊಬ್ಬರು ಸೂಚಿಸಿದರು.

ಎರಡನೆಯ ಭಾನುವಾರ ಅವಳು ನನ್ನ ಕಡ್ಡಿಗಳನ್ನೇ ನೋಡುತ್ತಿದ್ದವಳು ಕೇಳಿದಳು: "ಅಮ್ಮಾ, ಆನೇನೂ ನಿಮ್ ದೇವ್ರೇ ಮಾಡಿದ್ದಾ?"

ಯಾರೂ ಮಾತಾಡಲಿಲ್ಲ. "ಹೌದು ತಾಯಿ" ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿ ಮಾತಿರಲಿಲ್ಲ. ಯೋಬನ ಗ್ರಂಥವನ್ನು ನೀವು ಓದಿದ್ದರೆ ಬಲ್ಲಿರಿ: ಮಕ್ಕಳನ್ನೂ ಮನೆಯನ್ನೂ ಕಳೆದುಕೊಂಡ ಯೋಬ ಏಕೆ ಎಂದು ಕೇಳಿದಾಗ ದೇವರು ಕಾರಣಗಳನ್ನು ಪಟ್ಟಿ ಮಾಡುವುದಿಲ್ಲ. ಕಾಡುಮೇಕೆ, ಕಾಡುಕತ್ತೆ, ಗಿಡುಗ, ಯಾರೂ ಪಳಗಿಸಲಾಗದ ಮಹಾಮೃಗ ಇವುಗಳನ್ನು ತೋರಿಸುತ್ತಾರೆ. ಇವು ನಿನಗಾಗಿ ಹುಟ್ಟಿದವಲ್ಲ, ಆದರೂ ನನ್ನವು ಎಂಬುದು ಆ ಉತ್ತರದ ತಾತ್ಪರ್ಯ. ಈ ಉತ್ತರದಿಂದ ಯೋಬನ ಬಾಯಿ ಕಟ್ಟಿತು. ಆದರೆ ಗಂಡನನ್ನು ಕಳೆದುಕೊಂಡವಳಿಗೆ ಅದನ್ನು ಬೋಧಿಸುವ ಅಧಿಕಾರ ನನಗಿದೆ ಎಂದು ಅನ್ನಿಸಲಿಲ್ಲ. ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲವೂ ಕೆಟ್ಟಿತು. ನಾವೂ ಕುಳಿತೇ ಇದ್ದೆವು. ಸ್ವಲ್ಪ ಹೊತ್ತಿನ ಮೇಲೆ ಅವಳು ಕೈ ಚಾಚಿ, "ನನಗೂ ಹೇಳಿಕೊಡಿ" ಎಂದಳು. ಕುಲಾವಿಯ ಕೊನೆಯ ಸುತ್ತುಗಳನ್ನು ಹೆಣೆದವಳು ಅವಳೇ. ಎರಡು ಕಡೆ ಕುಣಿಕೆ ಜಾರಿತ್ತು. ಹೆಕ್ಕಿ ಏರಿಸುವುದನ್ನೂ ಅಂದೇ ಕಲಿತಳು.

ಜನವರಿಯಲ್ಲಿ ಹೆಣ್ಣುಮಗು ಹುಟ್ಟಿತು. ಕುಲಾವಿ ಸ್ವಲ್ಪ ದೊಡ್ಡದಾಯಿತು. ಅದರಿಂದ ಎರಡು ತಿಂಗಳು ಹೆಚ್ಚು ಬಂತು. ಈಗ ಆ ಮಗು ನಮ್ಮ ಕಣದಲ್ಲಿ ಸಿಪಿಲೆಯ ಹಿಂದೆ ಓಡುತ್ತದೆ. ತಾಯಿ ಲೈನಿನ ಬೇರೆ ಬಸುರಿಯರಿಗೆ ಕುಲಾವಿ ಹೆಣೆದುಕೊಡುತ್ತಾಳೆ. ಆನೆಯನ್ನು ಕಂಡರೆ ಅವಳಿಗೆ ಇಂದಿಗೂ ಕೈಕಾಲು ನಡುಗುತ್ತದೆ. ಅವಳ ಪ್ರಶ್ನೆ ಹಾಗೆಯೇ ಉಳಿದಿದೆ, ನನ್ನೊಳಗೂ.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಜೊಪ್ಪದ ತಬಿಥ ತೀರಿಕೊಂಡಾಗ ವಿಧವೆಯರು ಸಂತ ಪೇತ್ರರಿಗೆ ಅಳುತ್ತ ತೋರಿಸಿದ್ದು ಅವಳು ಮಾಡಿಕೊಟ್ಟಿದ್ದ ಬಟ್ಟೆಗಳನ್ನು. ಅವಳು ಆಡಿದ ಒಂದು ಮಾತೂ ಆ ಗ್ರಂಥದಲ್ಲಿ ದಾಖಲಾಗಿಲ್ಲ. ಅವಳ ಕೈಕೆಲಸವೇ ಅವಳ ಸಾಕ್ಷ್ಯ.

ಕ್ರಿಸ್ತಜಯಂತಿಯ ಗೋದಲಿಯನ್ನು ಅಣಿಮಾಡುವಾಗ ಇದನ್ನು ನೆನೆಯೋಣ. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಹುಲ್ಲು, ಎತ್ತು, ಕತ್ತೆಗಳೊಡನೆ ಗೋದಲಿಯ ದೃಶ್ಯವನ್ನು ಜನರ ಕಣ್ಮುಂದೆ ತಂದರು. ಚಕ್ರವರ್ತಿಯೊಡನೆ ಮಾತಾಡುವ ಅವಕಾಶ ಸಿಕ್ಕಿದರೆ, ಕ್ರಿಸ್ಮಸ್ ದಿನ ಬಾನಾಡಿ ಹಕ್ಕಿಗಳಿಗಾಗಿ ದಾರಿಯುದ್ದಕ್ಕೂ ಕಾಳು ಚೆಲ್ಲಬೇಕೆಂಬ ಆಜ್ಞೆ ಹೊರಡಿಸಲು ಬೇಡಿಕೊಳ್ಳುವೆನೆಂದು ಅವರು ಹೇಳುತ್ತಿದ್ದುದನ್ನು ಅವರ ಚರಿತ್ರೆಕಾರ ಚೆಲಾನೊದ ಥಾಮಸ್ ದಾಖಲಿಸಿದ್ದಾರೆ. ಆ ಹಬ್ಬದಂದು ಬಡವರ ಹೊಟ್ಟೆ ತುಂಬಬೇಕು, ಎತ್ತು ಕತ್ತೆಗಳಿಗೂ ಹೆಚ್ಚು ಮೇವು ಸಿಗಬೇಕು ಎಂಬುದೂ ಅವರ ಆಸೆಯಾಗಿತ್ತು.

ದೇವಪುತ್ರರ ಜನನದ ಸುದ್ದಿ ಮೊದಲು ಮುಟ್ಟಿದ್ದು ಯಾರಿಗೆ? ರಾತ್ರಿ ಬಯಲಿನಲ್ಲಿ ಮಂದೆ ಕಾಯುತ್ತಿದ್ದ ಕುರಿಗಾಹಿಗಳಿಗೆ. ಕುರಿಗಾಹಿ ಎಂಬ ಪದದೊಳಗೂ ನಮ್ಮ 'ಕಾಯು' ಅಡಗಿದೆ. ಅವರು ಮೆಸ್ಸೀಯನನ್ನು ಎದುರುನೋಡುತ್ತ ಆಕಾಶ ದಿಟ್ಟಿಸಿ ಕುಳಿತಿದ್ದರೆಂದು ಸಂತ ಲೂಕರು ಹೇಳುವುದಿಲ್ಲ. ತಮಗೆ ಒಪ್ಪಿಸಿದ ಜೀವಗಳನ್ನು ಚಳಿಯಲ್ಲಿ, ಕತ್ತಲಲ್ಲಿ, ನಿದ್ದೆಗೆಟ್ಟು ಕಾಯುತ್ತಿದ್ದರು. ದೇವದೂತರು ಹುಡುಕಿಕೊಂಡು ಬಂದದ್ದು ಅಲ್ಲಿಗೆ.

ಆದ್ದರಿಂದ ಪ್ರಿಯರೇ, ಈ ನಾಲ್ಕು ವಾರಗಳಲ್ಲಿ ನಿಮ್ಮ ಕೈಗೊಂದು ಕೆಲಸ ಕೊಡಿ. ಹೆಣೆಯಲು ಬಂದರೆ ಒಂದು ಟೋಪಿ ಹೆಣೆಯಿರಿ. ಬಾರದಿದ್ದರೆ ಬೀರುವಿನಲ್ಲಿ ಸುಮ್ಮನೆ ಮಡಿಸಿಟ್ಟ ಕಂಬಳಿಯೊಂದನ್ನು ಹೊರತೆಗೆಯಿರಿ. ಒಂದು ಅಳತೆ ಹಿಟ್ಟು ಹೆಚ್ಚಾಗಿ ನಾದಿ. ಅಂಗಳದಲ್ಲಿ ಹಕ್ಕಿಗೆ ನೀರಿಡಿ. ನಿಮ್ಮ ಧರ್ಮಕೇಂದ್ರದ ಎಲ್ಲೆಯಲ್ಲಿ ಈ ಚಳಿಗಾಲದಲ್ಲಿ ಯಾವ ಮನೆಯಲ್ಲಿ ಮಗು ಹುಟ್ಟಲಿದೆ, ಯಾವ ಮನೆಯಲ್ಲಿ ಈ ವರ್ಷ ಒಂದು ಜಾಗ ಬರಿದಾಗಿದೆ ಎಂದು ವಿಚಾರಿಸಿ. ಅಲ್ಲಿ ಹೋಗಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಉತ್ತರ ಕೊಡಲಾಗದ ಪ್ರಶ್ನೆ ಕೇಳಿಬಂದರೆ ಎದ್ದು ಬರಬೇಡಿ. ಬೆತ್ಲೆಹೇಮಿನ ತಾಯಿ ತನ್ನ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು. ಅವಳ ಕೈಯಲ್ಲಿದ್ದದ್ದು ಅಷ್ಟೇ, ಅದನ್ನು ಅವಳು ಮಾಡಿದಳು. ನಮ್ಮ ಕೈಯಲ್ಲಿರುವಷ್ಟನ್ನು ಮಾಡುವ ಕೃಪೆಯನ್ನು ಬರಲಿರುವ ಪ್ರಭು ನಮ್ಮೆಲ್ಲರ ಕುಟುಂಬಗಳಿಗೆ ದಯಪಾಲಿಸಲಿ.